ತೋರಿಸದೆ ಉಳಿದ ಮುಖ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ರುಕ್ಮಿಣಿ ಸಿದ್ದಿ ಎಂದು ನೆದರ್‌ಲ್ಯಾಂಡ್ಸಿನ ಟಿಲ್‌ಬರ್ಗ್ ಊರಿನ ಕನ್ನಡದ ಗೆಳೆಯರು ಕಾಲೆಳೆಯುತ್ತಿದ್ದರು. ಯಾರನ್ನೇ ಚಿತ್ರೀಕರಿಸಿದರೂ ಮೊದಲು ಅವರಿಗೇ ತೋರಿಸಬೇಕು, ಅವರು ಹೂಂ ಅಂದರೆ ಮಾತ್ರ ಉಳಿಸಬೇಕು, ಬೇಡವೆಂದರೆ ಎಷ್ಟೇ ಚೆಂದವಿದ್ದರೂ ಅಳಿಸಬೇಕು, ಇದು ಅವಳ ಹಟ. ಹಳಿಯಾಳದ ಕಾಡಂಚಿನ ಅವಳ ಸಿದ್ದಿ ಕೇರಿಗೆ ಕ್ಯಾಮೆರಾ ಹೊತ್ತು ಬಂದವರು ಕಡಿಮೆಯೇ? ಗುಂಗುರು ಕೂದಲು ಮುಟ್ಟಿ ನೋಡಿ, ಅಜ್ಜಿಯರನ್ನು ಕುಣಿಸಿ, ಆಫ್ರಿಕಾದ ಕುಡಿಗಳೆಂದು ಬೆರಗುಪಟ್ಟು, ಪಟ ತೆಗೆದುಕೊಂಡು ಹೋದರು. ಆ ಪಟಗಳಲ್ಲಿ ಒಂದನ್ನೂ ಕೇರಿ ಕಂಡಿಲ್ಲ. ಆ ಸಿಟ್ಟೇ ಅವಳನ್ನು ಸಿನಿಮಾಕ್ಕೆ ತಂದಿತ್ತು.

ನೆದರ್‌ಲ್ಯಾಂಡ್ಸ್‌ಗೆ ಓದಲು ಬಂದವಳು ಉಳಿದದ್ದು ಹಿಂದೆ ಡಚ್ಚರ ವಸಾಹತಾಗಿದ್ದ ಸುರಿನಾಮಿನಿಂದ ಬಂದ ಕಪ್ಪು ಜನರ ನಡುವೆ. ಬಡಾವಣೆಯ ಸಮುದಾಯ ಭವನದಲ್ಲಿ ಬೆಡ್‌ಶೀಟನ್ನೇ ಪರದೆಯಾಗಿ ಕಟ್ಟಿ, ತಾನು ಚಿತ್ರೀಕರಿಸಿದ ಅವರವರ ಬದುಕನ್ನು ಅವರವರಿಗೇ ತೋರಿಸುತ್ತಿದ್ದಳು. ಅಲ್ಲಿ ಸಿಕ್ಕವರು ಹೆರ್ಮಿನಾ ಅಜ್ಜಿ, ಆಸ್ಪತ್ರೆಯ ನೆಲ ಒರೆಸಿ ಮಕ್ಕಳನ್ನು ಬೆಳೆಸಿದವರು. ಒಂದು ಚಳಿಗಾಲವಿಡೀ ಅವರು ಕ್ಯಾಮೆರಾದೆದುರು ಮನಸ್ಸು ಬಿಚ್ಚಿದರು. ಮರಗೆಣಸು ಸುಲಿಯುವ ತಮ್ಮ ಕೈಗಳ ತುಣುಕನ್ನಷ್ಟೇ ನೋಡಿ, ನಕ್ಕು ಒಪ್ಪಿದ್ದರು. ಉಳಿದದ್ದನ್ನು ಚಳಿ ಕಳೆದ ಮೇಲೆ ನೋಡೋಣ ಎಂದಿದ್ದರು.

ಚಳಿ ಕಳೆಯುವಷ್ಟರಲ್ಲಿ ಕೊರೊನಾ ವಕ್ಕರಿಸಿತು. ಅಜ್ಜಿಯಿದ್ದ ವೃದ್ಧಾಶ್ರಮದ ಬಾಗಿಲು ಮುಚ್ಚಿತು. ರುಕ್ಮಿಣಿ ಹೊರಗೆ ನಿಂತು ಲ್ಯಾಪ್‌ಟಾಪನ್ನು ಕಿಟಕಿಯ ಗಾಜಿಗೆ ಆನಿಸಿ ಹಿಡಿದಳು. ಬಿಸಿಲಿಗೆ ಅಜ್ಜಿಗೆ ಏನೂ ಕಾಣಲಿಲ್ಲ. ಆಮೇಲೆ ಬಾ ಎಂದು ಕೈಸನ್ನೆ ಮಾಡಿದರು. ಆ ವಾರವೇ ತೀರಿಕೊಂಡರು.

ಅಂತ್ಯಕ್ರಿಯೆಗೆ ಮೂವತ್ತೇ ಜನ. ಹಾಡುವಂತಿಲ್ಲ, ಅಪ್ಪಿಕೊಂಡು ಅಳುವಂತಿಲ್ಲ. ಬರಲಾಗದವರು ಫೋನಿನಲ್ಲಾದರೂ ಅಮ್ಮನನ್ನು ನೋಡಲಿ ಎಂದು ಮಗಳು ಮ್ಯೂರಿಯಲ್ ಆ ಸಿನಿಮಾ ಕೇಳಿದಳು.

"ಅವ್ರು ಅದನ್ನ ನೋಡೇ ಇಲ್ಲ, ಮ್ಯೂರಿಯಲ್."

"ನೋಡಿದ್ರೆ ಹೂಂ ಅಂತಿದ್ರು. ನಮ್ಮಮ್ಮ ನಂಗೆ ಗೊತ್ತಿಲ್ವಾ?"

"ನಮ್ಮಂಥೋರ ಪರವಾಗಿ ಯಾವಾಗ್ಲೂ ಬೇರೆಯೋರೇ ಹೂಂ ಅಂದಿದ್ದು," ಎಂದಳು ರುಕ್ಮಿಣಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಬೇರೆಯವಳೇ?

ಕೊನೆಗೆ ರುಕ್ಮಿಣಿ ಕೊಟ್ಟದ್ದು ಅಜ್ಜಿ ಒಪ್ಪಿದ್ದ ತುಣುಕನ್ನಷ್ಟೇ. ಶವಪೆಟ್ಟಿಗೆಯ ಪಕ್ಕದ ಪರದೆಯಲ್ಲಿ ಎರಡು ಮುದಿ ಕೈಗಳು ಮರಗೆಣಸು ಸುಲಿದವು. ದೂರ ದೂರ ಕೂತವರು ಆ ಕೈಯಲ್ಲಿದ್ದ ಅಜ್ಜಿಯ ಬಳೆಯನ್ನು ಗುರುತಿಸಿ, ಬಾಯಿಗೆ ಕರವಸ್ತ್ರ ಒತ್ತಿಕೊಂಡು ಅತ್ತರು. ಸುರಿನಾಮಿನಿಂದ ಫೋನಿನಲ್ಲಿ ನೋಡುತ್ತಿದ್ದ ಅಜ್ಜಿಯ ತಮ್ಮ, ತುಣುಕು ಮುಗಿದ ಮೇಲೂ ಕಾದು, ಕೇಳಿದ.

"ನಮ್ಮಕ್ಕನ ಮುಖ ಎಲ್ಲಿ?"

ಮುಖ ರುಕ್ಮಿಣಿಯ ತೊಡೆಯ ಮೇಲಿದ್ದ ಲ್ಯಾಪ್‌ಟಾಪಿನಲ್ಲಿತ್ತು. ಮ್ಯೂರಿಯಲ್ ತಿರುಗಿ ಅವಳತ್ತ ನೋಡಿದಳು. ರುಕ್ಮಿಣಿ ಅದನ್ನು ಎದೆಗೆ ಒತ್ತಿ ಹಿಡಿದುಕೊಂಡು, ತಲೆ ತಗ್ಗಿಸಿ ಕೂತೇ ಇದ್ದಳು.