ಹಾರ್ನ್ ಇಲ್ಲದ ವಾಹನ

ಊರಿನಲ್ಲಿ ಇವತ್ತು ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಬದುಕಿ ಉಳಿದಿರುವುದು ಬ್ರೇಕ್ ಮೇಡಂ ಅವರ ಬಲಗಾಲಿನ ದಯೆಯಿಂದ. ಅವರ ಡ್ರೈವಿಂಗ್ ಸ್ಕೂಲಿನ ಹಳೇ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇತ್ತು. ಇಪ್ಪತ್ತೆರಡು ವರ್ಷ ಆ ಸೀಟಿನಲ್ಲಿ ಕೂತು, ಸ್ಟೀರಿಂಗನ್ನು ಕಂಡಕಂಡವರ ಕೈಗೆ ಕೊಟ್ಟು, ಆ ಒಂದು ಬ್ರೇಕನ್ನು ನಂಬಿಕೊಂಡು ಅವರು ಸಂಸಾರ ತೂಗಿಸಿದ್ದರು. ಮನೆಯಲ್ಲಿ ಸೋಫಾದ ಮೇಲೆ ಕೂತು ಟೀವಿ ನೋಡುವಾಗಲೂ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು.

ಕಲಿಯುವವರ ಕಾರು ಕಂಡರೆ ಹಿಂದಿನವರಿಗೆ ಅದೇನು ಉರಿಯೋ. ಸಿಗ್ನಲ್ಲಿನಲ್ಲಿ ಒಮ್ಮೆ ಗಾಡಿ ಆಫ್ ಆದರೆ ಸಾಕು, ಇಡೀ ರಸ್ತೆ ಬಾಯಿ ಮಾಡುತ್ತಿತ್ತು. ಬೆವರಿ ತೊಪ್ಪೆಯಾದ ಶಿಷ್ಯರಿಗೆ ಆಗ ಮೇಡಂ ಹೇಳುತ್ತಿದ್ದ ಮಾತು ಒಂದೇ. “ಹೊಡ್ಕೊಳ್ಳಲಿ ಬಿಡಿ. ಅವರ ಹಾರ್ನು, ಅವರ ಬ್ಯಾಟರಿ. ನೀವು ಕ್ಲಚ್ ನೋಡಿ.” ಈ ಮಾತು ಕೇಳಿ ಧೈರ್ಯ ತಂದುಕೊಂಡವರು ನೂರಾರು ಮಂದಿ. ಹೇಳಿದ ಮೇಡಂಗೆ ಮಾತ್ರ ತಲೆನೋವು ಅಂಟಿಕೊಂಡಿತ್ತು, ಏಕೆಂದರೆ ಆ ಹಾರ್ನುಗಳೆಲ್ಲ ದಿನವಿಡೀ ಮುಟ್ಟುತ್ತಿದ್ದುದು ಅವರ ಕಿವಿಗೇ.

ಒಂದು ಭಾನುವಾರ ಊರಾಚೆಯ ಫ್ಲೈಯಿಂಗ್ ಕ್ಲಬ್ಬಿನವರು ಸಾರ್ವಜನಿಕರನ್ನು ವಿಮಾನದಲ್ಲಿ ಒಂದು ಸುತ್ತು ಕರೆದೊಯ್ದರು. ಮೇಡಂ ಕೂಡ ಹತ್ತಿದರು, ಆದರೆ ಮೇಲಿನಿಂದ ಕೆಳಗೆ ನೋಡಲಿಲ್ಲ. ಕತ್ತು ತಿರುಗಿಸಿ ಹಿಂದೆ ನೋಡಿದರು. ಹಿಂದೆ ಯಾರೂ ಇರಲಿಲ್ಲ. “ಇದಕ್ಕೆ ಹಾರ್ನ್ ಎಲ್ಲಿದೆ?” ಎಂದು ಕೇಳಿದರು. “ವಿಮಾನಕ್ಕೆ ಹಾರ್ನ್ ಇರಲ್ಲ ಮೇಡಂ” ಎಂಬ ಉತ್ತರ ಬಂತು. ಕೆಳಗಿಳಿದವರೇ ಸೀದಾ ಕ್ಲಬ್ಬಿನ ಆಫೀಸಿಗೆ ಹೋಗಿ ವಿಮಾನ ಹಾರಿಸುವುದನ್ನು ಕಲಿಯಲು ಹೆಸರು ಬರೆಸಿದರು.

ಔಷಧಿ ಅಂಗಡಿಯ ಯಜಮಾನರು, ಅಂದರೆ ಮೇಡಂ ಗಂಡ, ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ, “ನಲವತ್ತೇಳಕ್ಕೆ ಇದೆಲ್ಲ ಬೇಕಾ?” ಎಂದರು. ಅತ್ತೆಯೇ ಸೊಸೆಯ ಪರ ನಿಂತರು. “ಹೋಗ್ಲಿ ಬಿಡೋ. ರಸ್ತೆ ಮೇಲೆ ಇಷ್ಟು ದಿನ ಪಾಪ ಬೈಸ್ಕೊಂಡಿದ್ದು ಸಾಲ್ದಾ? ಅಲ್ಲಿ ಬೈಯೋಕೆ ಯಾರಿದಾರೆ?”

ಅಲ್ಲಿ ಕ್ಯಾಪ್ಟನ್ ಇದ್ದರು.

ವಿಮಾನಕ್ಕೆ ಹಾರ್ನ್ ಇಲ್ಲ, ನಿಜ. ಆದರೆ ರೇಡಿಯೋ ಇದೆ. ಆ ಪುಟ್ಟ ನಿಲ್ದಾಣದಲ್ಲಿ ದಾರಿ ಹೇಳುವ ಟವರ್ ಇರಲಿಲ್ಲ. ನಾನೆಲ್ಲಿದ್ದೇನೆ, ಯಾವಾಗ ಇಳಿಯುತ್ತೇನೆ ಎಂದು ಒಬ್ಬೊಬ್ಬರೂ ತಮ್ಮ ರೇಡಿಯೋದ ಗುಂಡಿ ಒತ್ತಿ ಹೇಳಬೇಕು, ಉಳಿದವರೆಲ್ಲ ಕೇಳಿಸಿಕೊಳ್ಳಬೇಕು. ಕ್ಯಾಪ್ಟನ್ ಯಾವುದೋ ಕಂಪನಿಯ ಎರಡು ಎಂಜಿನ್ನಿನ ವಿಮಾನ ಹಾರಿಸುತ್ತಿದ್ದರು. ಮೈದಾನದ ಆ ತುದಿಯಲ್ಲಿ ಅವರದೇ ಶೆಡ್ಡು. ಈ ಕಡೆಯವರಿಗೆ ಅವರ ಟೋಪಿ, ಕಪ್ಪು ಕನ್ನಡಕ, ಮೀಸೆ ಇಷ್ಟೇ ದೂರದಿಂದ ಪರಿಚಯ. ದನಿ ಮಾತ್ರ ಎಲ್ಲರಿಗೂ ಗೊತ್ತು. “ಯಾರದು ಮುಂದೆ ಎತ್ತಿನಗಾಡಿ ಹೊಡೀತಿರೋದು? ಅಮ್ಮಾ ತಾಯಿ, ಪಕ್ಕಕ್ಕೆ ಹಾಕು. ನಮಗೆ ಬೇರೆ ಕೆಲಸ ಇದೆ.”

ಮೇಡಂ ಪ್ರತಿ ಸಲವೂ “ಸಾರಿ ಸಾರ್” ಎನ್ನುತ್ತಿದ್ದರು. ಇಳಿಯಲು ಬಂದಿದ್ದ ವಿಮಾನವನ್ನು ಮತ್ತೆ ಮೇಲಕ್ಕೆತ್ತಿ, ಇನ್ನೊಂದು ಸುತ್ತು ಹಾಕಿ ಬರುತ್ತಿದ್ದರು. ಸಾಲದ್ದಕ್ಕೆ ಆ ದನಿ ಕೇಳಿದೊಡನೆ ಬಲಗಾಲು ತಾನಾಗಿ ಒತ್ತುತ್ತಿತ್ತು. ಗಾಳಿಯಲ್ಲಿ ಬಲಗಾಲು ಒತ್ತಿದರೆ ವಿಮಾನ ನಿಲ್ಲುವುದಿಲ್ಲ, ಅದರ ಮೂಗು ಬಲಕ್ಕೆ ತಿರುಗುತ್ತದೆ. ಊರಿಗೆಲ್ಲ ಧೈರ್ಯ ಹೇಳಿದ ಹೆಂಗಸು ಮನೆಗೆ ಬಂದು ಬಚ್ಚಲಿನ ನಲ್ಲಿ ತಿರುಗಿಸಿಟ್ಟು ಅಳುತ್ತಿದ್ದರು. ತಮ್ಮದೇ ಮಾತು ತಮಗೇ ಯಾಕೆ ನಾಟುತ್ತಿಲ್ಲ ಎಂದು ಅವರಿಗೆ ನಾಚಿಕೆಯಾಗುತ್ತಿತ್ತು.

ಕೊನೆಗೊಂದು ದಿನ ಪಕ್ಕದ ಸೀಟಿನಲ್ಲಿ ಕೂತು ಕಲಿಸುವ ಮೇಷ್ಟ್ರು ಹೇಳಿಯೇಬಿಟ್ಟರು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವಂಥ ಮನುಷ್ಯ. ಅವತ್ತು ಒಂದು ವಾರದ್ದನ್ನು ಒಟ್ಟಿಗೇ ಆಡಿದರು. “ಅಪಾಯ ಕಂಡ್ರೆ ಹತ್ತು ಸಲ ಮೇಲಕ್ಕೆ ಹೋಗಿ ಮೇಡಂ. ನಾಚ್ಕೊಂಡು ಹೋಗ್ಬೇಡಿ. ಇಳಿಯೋಕೆ ಮೊದಲು ಬಂದೋರದ್ದು ದಾರಿ. ನೀವು ಬಿಟ್ಕೊಡ್ತೀರಾ ಇಲ್ವಾ ಅಂತ ಬೇರೆಯವರಿಗೆ ಗೊತ್ತಾಗ್ದೆ ಹೋದ್ರೆ, ಅವತ್ತೇ ಇಬ್ಬರೂ ಸಾಯೋದು. ಶನಿವಾರ ಒಬ್ಬರೇ ಹಾರಿ. ಕ್ಯಾಪ್ಟನ್‌ಗೆ ಹೆದರಿ ವಾಪಸ್ ಏರಿದ್ರೆ, ಮುಂದೆ ಕಲಿಸೋಕೆ ನನ್ನ ಹತ್ರ ಏನೂ ಇಲ್ಲ.”

ಶನಿವಾರ ಬೆಳಿಗ್ಗೆ ಪಕ್ಕದ ಸೀಟು ಖಾಲಿ. ಖಾಲಿ ಸೀಟು ನೋಡಿ ಮೇಡಂಗೆ ನಗು ಬಂತು. ಇಷ್ಟು ವರ್ಷ ತಾವು ಕೂತದ್ದು ಅಲ್ಲೇ ಅಲ್ಲವೇ. ಏರಿದರು, ಸುತ್ತಿದರು, ರನ್‌ವೇ ಪಟ್ಟಿಗೆ ನೇರವಾಗಿ ತಿರುಗಿ “ಇಳಿಯುತ್ತಿದ್ದೇನೆ” ಎಂದು ರೇಡಿಯೋದಲ್ಲಿ ಹೇಳಿದರು. ಎಲ್ಲಿದ್ದನೋ ಮಹಾನುಭಾವ, ಕಿವಿಯಲ್ಲಿ ಆ ದನಿ ಗುರ್ರೆಂದಿತು. “ನಿನ್ನ ಹಿಂದೇನೇ ಇದೀನಿ. ಎತ್ತಿನಗಾಡಿ ಪಕ್ಕಕ್ಕೆ ಹಾಕಮ್ಮಾ!”

ಮೇಡಂ ಅವರ ಬಲಗಾಲು ಒತ್ತಿತು, ವಿಮಾನದ ಮೂಗು ಬಲಕ್ಕೆ ಹೊರಳಿತು. ಎದುರಿನ ಪಟ್ಟಿ ಖಾಲಿ ಇತ್ತು, ದಾರಿ ಅವರದೇ ಆಗಿತ್ತು. ಕಾಲನ್ನು ಬೈದು ಹಿಂದಕ್ಕೆಳೆದು, ಮೂಗು ನೆಟ್ಟಗೆ ಮಾಡಿ, ಯಾರೋ ಬೆವರಿದ ಶಿಷ್ಯನಿಗೆ ಹೇಳುವಂತೆ ತಮಗೆ ತಾವೇ ಗೊಣಗಿಕೊಂಡರು. “ಹೊಡ್ಕೊಳ್ಳಲಿ ಬಿಡಿ. ಅವರ ಹಾರ್ನು, ಅವರ ಬ್ಯಾಟರಿ. ನೀವು ಕ್ಲಚ್ ನೋಡಿ.”

ಗೊಣಗುವಾಗ ಹೆಬ್ಬೆರಳು ರೇಡಿಯೋ ಗುಂಡಿಯನ್ನು ಒತ್ತಿಹಿಡಿದಿತ್ತು. ಆಕಾಶದಲ್ಲಿದ್ದವರೂ ನೆಲದ ಮೇಲಿದ್ದವರೂ ಎಲ್ಲರೂ ಕೇಳಿಸಿಕೊಂಡರು.

 ಕ್ಯಾಪ್ಟನ್ ಬೇರೆಯದೇ ದನಿಯಲ್ಲಿ, “ನಾನು ಮೇಲಕ್ಕೆ ಹೋಗ್ತೀನಿ, ಅವರು ಇಳೀಲಿ” ಎಂದರು. ಮೇಡಂ ಮೂರು ಸಲ ಕುಪ್ಪಳಿಸಿ ಇಳಿದರು. ಮೇಷ್ಟ್ರು ಕೈಕುಲುಕಿ, “ವಿಮಾನಕ್ಕೆ ಕ್ಲಚ್ ಇಲ್ಲ ಮೇಡಂ” ಎಂದಷ್ಟೇ ಹೇಳಿದರು.

ಅಷ್ಟರಲ್ಲಿ ಕ್ಯಾಪ್ಟನ್ ಕೂಡ ಇಳಿದು, ಆ ತುದಿಯಿಂದ ಬಿರಬಿರನೆ ನಡೆದು ಬಂದರು. ಜಗಳಕ್ಕೇ ಬಂದರೆಂದು ಮೇಡಂ ಬೆನ್ನು ನೆಟ್ಟಗೆ ಮಾಡಿ ನಿಂತರು. ಅವರು ಹತ್ತಿರ ಬಂದು ಕಪ್ಪು ಕನ್ನಡಕ ತೆಗೆದರು. ಮೀಸೆಯ ಹಿಂದೆ ಒಂದು ಹಳೇ ಮುಖವಿತ್ತು: ಹದಿನಾರು ವರ್ಷದ ಹಿಂದೆ ಸೇತುವೆಯ ಮೇಲೆ ಐದು ಸಲ ಗಾಡಿ ಆಫ್ ಮಾಡಿಕೊಂಡು, ಸ್ಟೀರಿಂಗಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಿದ್ದ ಕಾಲೇಜು ಹುಡುಗನದು.

“ಮೇಡಂ, ನೀವಾ! ಆ ಮಾತು ಕೇಳಿದ ತಕ್ಷಣ ಗೊತ್ತಾಯ್ತು. ನಾನು ಈ ಮಟ್ಟಕ್ಕೆ ಬಂದಿದ್ದೇ ಆ ಮಾತಿಂದ ಮೇಡಂ. ಅವತ್ತಿಂದ ಯಾರು ಏನಂದ್ರೂ ಕಿವಿ ಮೇಲೆ ಹಾಕ್ಕೊಂಡಿಲ್ಲ.”

“ಗೊತ್ತಾಗ್ತಾ ಇದೆ,” ಎಂದರು ಮೇಡಂ.

ಮನೆಯಲ್ಲಿ ಎಲ್ಲರೂ ಸಂಭ್ರಮಪಟ್ಟರು. ಅತ್ತೆ ಫೋನ್ ಹಿಡಿದು ನೆಂಟರಿಗೆಲ್ಲ ಸುದ್ದಿ ಹಂಚಿದರು. ಮೇಡಂ ಮಾತ್ರ ಸೋಫಾದಲ್ಲಿ ಕೂತು ಯೋಚಿಸುತ್ತಿದ್ದರು. ಮುಂದಿರುವವನು ಹೇಗಿರಬೇಕೆಂದು ಇಪ್ಪತ್ತೆರಡು ವರ್ಷ ಕಲಿಸಿದ್ದರು. ಹಿಂದಿರುವವನು ಹೇಗಿರಬೇಕು ಎನ್ನುವ ಪಾಠ ಅವರ ಸ್ಕೂಲಿನಲ್ಲಿ ಇರಲೇ ಇಲ್ಲ.

ಸೋಮವಾರ ಬೆಳಿಗ್ಗೆ ಬ್ಯಾಂಕಿನ ಗುಮಾಸ್ತರ ಸರದಿ. ಮೂರು ವಾರದಿಂದ ಕಲಿಯುತ್ತಿದ್ದ ಸಾಧು ಮನುಷ್ಯ. ಸಿಗ್ನಲ್ ಬಿಟ್ಟಿತು, ಮುಂದಿನ ಕಾರು ಕದಲಲಿಲ್ಲ. ಅದರ ಹಿಂಭಾಗದಲ್ಲಿ ಕೆಂಪು ಎಲ್ ಬೋರ್ಡು. ಗುಮಾಸ್ತರು ಹಾರ್ನ್ ಒತ್ತಿಹಿಡಿದರು. “ಕಲಿಯೋಕೆ ಇವರಿಗೆ ಇದೇ ರಸ್ತೆ ಬೇಕಿತ್ತಾ ಮೇಡಂ?”

ಮುಂದಿನ ಕಾರು ಎಗರಿ ಎಗರಿ ಹೊರಟುಹೋಯಿತು. ಬ್ರೇಕ್ ಮೇಡಂ ತಮ್ಮ ಬ್ರೇಕ್ ಬಿಡಲಿಲ್ಲ. ಕೈ ಚಾಚಿ ಗುಮಾಸ್ತರ ಅಂಗೈಯನ್ನು ಹಾರ್ನಿನ ಮೇಲಿಂದ ಮೆಲ್ಲಗೆ ಎತ್ತಿ, ಅವರ ತೊಡೆಯ ಮೇಲಿಟ್ಟರು. “ಇವತ್ತು ಹೊಸ ಪಾಠ,” ಎಂದರು. ಪಾಠದ ಮೊದಲ ಮಾತು ಬಾಯಿಗೆ ಬರುವಷ್ಟರಲ್ಲಿ ಹಿಂದಿನಿಂದ ಇಡೀ ರಸ್ತೆಯ ಹಾರ್ನುಗಳು ಒಟ್ಟಿಗೆ ಶುರುವಾದವು.