ಲಯನಲ್ ಸರ್ ಓದದ ಪಾಠ

ಕೇಗಾಲೆ ಪಟ್ಟಣದ ಗೋಡೆಗಳ ಮೇಲೆಲ್ಲ ಲಯನಲ್ ಸರ್ ಮುಖವೇ. ಕೋಟು, ಟೈ, ಕೆಳಗೆ ದಪ್ಪ ಅಕ್ಷರದಲ್ಲಿ ‘ಐದನೆಯ ತರಗತಿಯ ಇಂಗ್ಲಿಷ್‌ಗೆ ಒಬ್ಬರೇ ಸರ್’. ಆ ಸರ್ ಟ್ಯೂಷನ್ನಿನ ಪಾಠದ ಹಾಳೆಗಳನ್ನು ಹದಿನೆಂಟು ವರ್ಷದಿಂದ ಬರೆಯುತ್ತಿದ್ದವಳು ಇರಾಂಗನಿ ಎಂಬುದು ಮಾತ್ರ ಯಾವ ಗೋಡೆಗೂ ಗೊತ್ತಿರಲಿಲ್ಲ.

ಐವತ್ತು ದಾಟಿದ, ಮದುವೆಯಾಗದ ಹೆಂಗಸು. ತಂಗಿಯ ಮನೆಯಲ್ಲಿ ಕೂತು ವಾರಕ್ಕೊಂದು ಪಾಠ ಬರೆದು, ಗುರುವಾರ ತಾನೇ ಪ್ರೆಸ್ಸಿಗೆ ಮುಟ್ಟಿಸುತ್ತಿದ್ದಳು. ಬೆಕ್ಕು ತನ್ನನ್ನು ತಾನು ನೆಕ್ಕುತ್ತದೆ, ಅಜ್ಜಿ ತಾನೇ ಕಾಯಿ ತುರಿಯುತ್ತಾಳೆ. ಹೀಗೆ ಮನೆಯ ಮಾತಿನಿಂದಲೇ ಮೈಸೆಲ್ಫ್, ಹಿಮ್‌ಸೆಲ್ಫ್, ಹರ್‌ಸೆಲ್ಫ್ ಕಲಿಸುವವಳು. ಹಾಳೆಯ ಕೆಳಗೆ ಮಾತ್ರ ‘ಬರೆದವರು: ಲಯನಲ್ ಸರ್’ ಎಂದು ಅಚ್ಚಾಗುತ್ತಿತ್ತು. ಆ ಮಹಾನುಭಾವರು ಒಂದು ದಿನವೂ ಅದನ್ನು ಮೊದಲೇ ಓದಿದವರಲ್ಲ. ಶನಿವಾರ ಮೈಕ್ ಹಿಡಿದು ‘ಜೋರಾಗಿ ಓದಿ’ ಎನ್ನುವರು; ನಾನೂರು ಮಕ್ಕಳು ಒಂದೇ ದನಿಯಲ್ಲಿ ಓದುವಾಗ ಫೋನ್ ನೋಡುವರು.

ಈ ವರ್ಷ ಹಾಳೆಗಳೆಲ್ಲ ಸೇರಿ ದಪ್ಪ ಪುಸ್ತಕವಾಯಿತು. ಮುಂದೆಯೂ ಸರ್ ಫೋಟೋ, ಹಿಂದೆಯೂ ಸರ್ ಫೋಟೋ. ಒಳಗಿನ ಕೃತಜ್ಞತೆಯಲ್ಲಿ ಅವರ ನಾಯಿಗೂ ಒಂದು ಸಾಲಿತ್ತು, ಇರಾಂಗನಿಗೆ ಇರಲಿಲ್ಲ. ಬಿಡುಗಡೆಯ ದಿನ ಅತಿಥಿಗಳಿಗೆ ಹಾಲನ್ನ ಬಡಿಸುವ ಕೆಲಸ ಅವಳ ಪಾಲಿಗೆ ಬಂತು. ಬಡಿಸಿ ಮುಗಿಸಿ, ಕೈ ಒರೆಸಿಕೊಂಡು, ಎರಡನೆಯ ಮುದ್ರಣಕ್ಕಾದರೂ ತನ್ನ ಹೆಸರು ಹಾಕಬಹುದಲ್ಲ ಎಂದು ಕೇಳಿದಳು.

“ನಿಮ್ದು ಕೈಬರಹ ಅಷ್ಟೇ ಮಿಸ್. ಬರೆದಿದ್ದು ನಾನೇ ಅಲ್ವಾ?” ಎಂದರು ಸರ್, ಬಾಳೆಹಣ್ಣು ಸುಲಿಯುತ್ತ.

ಮನೆಗೆ ಬಂದವಳೇ ತಂಗಿಗೆ ಎಲ್ಲ ಹೇಳಿದಳು. ದೊಡ್ಡವರ ಜೊತೆ ಜಗಳ ಬೇಡ ಅಕ್ಕಾ, ಇರುವ ಕೆಲಸವೂ ಹೋದೀತು, ಬುದ್ಧವಿಹಾರಕ್ಕೆ ಹೋಗಿ ಹೂವಿಟ್ಟು ಬಾ ಎಂದಳು ತಂಗಿ. ಇರಾಂಗನಿ ಹೋದಳು, ಹೂವಿಟ್ಟಳು, ಬುದ್ಧನ ಮುಂದೆ ಕೂತೇ ವಾಕ್ಯಗಳನ್ನು ಹೊಂದಿಸಿದಳು. ಪಾಪ ಬಂದರೆ ಬರಲಿ, ಕೆಲಸ ಹೋದರೆ ಹೋಗಲಿ.

ಆ ವಾರದ ಪಾಠದಲ್ಲಿ ಹತ್ತು ವಾಕ್ಯ. ವ್ಯಾಕರಣದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ; ಮಕ್ಕಳಿಗೆ ತಪ್ಪು ಕಲಿಸುವ ಜಾಯಮಾನ ಅವಳದಲ್ಲ. ಶನಿವಾರ ಟ್ಯೂಷನ್ ಹಾಲಿನ ಎದುರಿನ ಅಂಗಡಿಯಲ್ಲಿ, ಮಕ್ಕಳಿಗಾಗಿ ಕಾಯುವ ತಾಯಂದಿರ ನಡುವೆ, ಬೈನೆ ಮರದ ಬೆಲ್ಲ ಕಚ್ಚಿಕೊಂಡು ಕಪ್ಪು ಚಹಾ ಕುಡಿಯುತ್ತ ಕೂತಳು.

ಓದು ಶುರುವಾಯಿತು. ಬೆಕ್ಕು ತನ್ನನ್ನು ತಾನು ನೆಕ್ಕಿತು. ಅಜ್ಜಿ ತಾನೇ ತುರಿದಳು. ಮೂರನೆಯದರಲ್ಲಿ, ಲಯನಲ್ ಸರ್ ಪುಸ್ತಕವನ್ನು ತಾವೇ ಬರೆಯಲಿಲ್ಲ. ನಾಲ್ಕನೆಯದರಲ್ಲಿ, ಇರಾಂಗನಿ ಮಿಸ್ ತಾನೇ ಬರೆದಳು, ಹದಿನೆಂಟು ವರ್ಷ. ಐದರಲ್ಲಿ, ಹೊಗಳಿಕೆಯನ್ನೆಲ್ಲ ಸರ್ ತಮಗೇ ಬಡಿಸಿಕೊಂಡರು. ನಾನೂರು ಎಳೆಯ ಗಂಟಲು, ಅರ್ಥದ ಗೋಜಿಲ್ಲದೆ, ರಾಗವಾಗಿ. ಹೊರಗೆ ತಾಯಂದಿರ ಹರಟೆ ನಿಂತೇಹೋಯಿತು. ಮೈಕಿನಲ್ಲಿ ಸರ್ ‘ಸಾಕು, ಸಾಕು’ ಎಂದು ಕೂಗುವ ಹೊತ್ತಿಗೆ ಮಕ್ಕಳು ಹತ್ತಕ್ಕೆ ಬಂದಾಗಿತ್ತು: ಸರ್, ನಿಮ್ಮ ಬಗ್ಗೆ ನಿಮಗೇ ನಾಚಿಕೆಯಾಗಬೇಕು. ಮಾಡಿದ್ದುಣ್ಣೋ ಮಹರಾಯ.

ಸರ್ ಹಾಳೆ ಹಿಡಿದು ರಸ್ತೆ ದಾಟಿ ಬಂದರು. ಟೈ ಸೊಟ್ಟಗಾಗಿತ್ತು. ತಾಯಂದಿರೆಲ್ಲರ ಎದುರೇ, ಇದನ್ನು ಬರೆದವಳು ನೀನೇ, ಒಪ್ಪಿಕೋ ಎಂದು ಅಬ್ಬರಿಸಿದರು.

ಇರಾಂಗನಿ ಚಹಾದ ಲೋಟ ಕೆಳಗಿಟ್ಟು, ಹಾಳೆಯ ಕೆಳಗೆ ಅಚ್ಚಾಗಿದ್ದ ಹೆಸರಿನ ಮೇಲೆ ಬೆರಳಿಟ್ಟಳು.

“ನಂದು ಕೈಬರಹ ಅಷ್ಟೇ ಸರ್. ಬರೆದಿದ್ದು ನೀವೇ ಅಲ್ವಾ?”