ಎಣ್ಣೆ ಮೇಡಂ ಹಿಂತೆಗೆದುಕೊಂಡ ಪ್ರಬಂಧ

ಪೆಟ್ಟಾದ ಅಂಗಾಂಶದಿಂದ ಹೊರಡುವ ಕೆಲವು ಕೊಬ್ಬಿನ ಅಣುಗಳು ಮೂಳೆಮಜ್ಜೆಯ ಕಾಂಡಕೋಶಗಳನ್ನು (ಸ್ಟೆಮ್ ಸೆಲ್) ರಿಪೇರಿಗೆ ಕರೆತರುತ್ತವೆ ಎಂಬ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳದ ಕಾಲದಲ್ಲಿ, ಹಟ ಹಿಡಿದು ಅದರ ಬೆನ್ನು ಹತ್ತಿದ ಬೆರಳೆಣಿಕೆಯ ವಿಜ್ಞಾನಿಗಳಲ್ಲಿ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಗುರುಗಳೂ ಒಬ್ಬರು. ಬೆನ್ನ ಹಿಂದೆ ನಾವು ‘ಎಣ್ಣೆ ಮೇಡಂ’ ಎನ್ನುತ್ತಿದ್ದುದು ಅವರಿಗೂ ಗೊತ್ತಿತ್ತು. “ತಲೆಗೆ ಹಚ್ಚೋ ಎಣ್ಣೆ ಅಂತ ಮನೇಲಿ ಬಿಡಿಸಿ ಹೇಳ್ರಪ್ಪ, ಇಲ್ದಿದ್ರೆ ಕಷ್ಟ” ಎಂದು ನಗುತ್ತಿದ್ದರು.

ನೆಲಮಾಳಿಗೆಯ ಒಂದು ಕೋಣೆ, ಸೋರುವ ನಲ್ಲಿ, ಒಂದೇ ಸೂಕ್ಷ್ಮದರ್ಶಕ, ಇಷ್ಟರಲ್ಲೇ ಅವರು ಸೇವೆ ಆರಂಭಿಸಿದ್ದರಂತೆ. ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಎರಡು ತಿಂಗಳು ಪ್ರತಿ ಭಾನುವಾರ ತಾವೇ ಬಂದು ನನ್ನ ಕೋಶಗಳಿಗೆ ಆಹಾರದ್ರವ ಬದಲಿಸಿದವರು ಅವರು. ಆ ಋಣ ನನ್ನಿಂದ ತೀರುವಂಥದ್ದಲ್ಲ.

ನಾನು ಸೇರುವ ಹೊತ್ತಿಗೆ ಅವರ ಒಂದು ಪ್ರಬಂಧ ಮನೆಮಾತಾಗಿತ್ತು. ಆ ಕೊಬ್ಬು ಕಾಂಡಕೋಶಗಳನ್ನು ಸೆಳೆಯುತ್ತದೆ, ಕ್ಯಾನ್ಸರ್ ಕೋಶಗಳನ್ನು ಸೆಳೆಯುವುದಿಲ್ಲ ಎಂದು ಅದು ಹೇಳಿತ್ತು. ಅದನ್ನು ನಂಬಿ ಪಕ್ಕದ ಆಸ್ಪತ್ರೆಯ ವೈದ್ಯರು ಹೃದಯದ ಗಾಯಕ್ಕೆ ಆ ಕೊಬ್ಬನ್ನೇ ಔಷಧಿಯಾಗಿ ಕೊಡಲು ಸಿದ್ಧತೆ ನಡೆಸಿದ್ದರು. ಮೇಡಂ ವಿಭಾಗದ ಮುಖ್ಯಸ್ಥರಾಗುವ ಮಾತೂ ನಡೆದಿತ್ತು. ಕ್ಯಾನ್ಸರ್ ಕೋಶದ ಪ್ರಯೋಗವನ್ನು ಇನ್ನೊಮ್ಮೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಅಂದು ಪ್ಲಾಸ್ಟಿಕ್ ನಳಿಕೆಗಳು ಮುಗಿದಿದ್ದವು. ಬೀರುವಿನಲ್ಲಿದ್ದ ಹಳೆಯ ಗಾಜಿನ ನಳಿಕೆಯಲ್ಲೇ ಕೊಬ್ಬನ್ನು ಕಲಸಿದೆ. ತೂತುಗಳಿರುವ ತೆಳುಪೊರೆಯ ಕೆಳಗೆ ಕೊಬ್ಬು, ಮೇಲೆ ಕೋಶಗಳು. ತೂರಿ ಕೆಳಗಿಳಿದವನ್ನು ಎಣಿಸಬೇಕು. ಇಪ್ಪತ್ತರೊಳಗೆ ಇರಬೇಕಾದಲ್ಲಿ ಮುನ್ನೂರು! ಮೂರು ಸಲ ಮಾಡಿದರೂ ಅಷ್ಟೇ. ಗುರುವಿನ ಪ್ರಬಂಧವನ್ನು ಸುಳ್ಳು ಮಾಡುವಷ್ಟು ದೊಡ್ಡವನೇ ನಾನು? ಹೆದರಿ, ಪ್ರಯೋಗದ ಪುಸ್ತಕದಲ್ಲಿ ಹದಿನೆಂಟು ಎಂದು ಬರೆದುಬಿಟ್ಟೆ.

ಶಿಷ್ಯರ ಲೆಕ್ಕಕ್ಕೆ ಸಹಿ ಹಾಕುವ ಮುನ್ನ ಒಂದು ಪೊರೆಯನ್ನಾದರೂ ತಾವೇ ಎಣಿಸುವುದು ಮೇಡಂ ಪದ್ಧತಿ.

“ಇಲ್ಲಿ ನೋಡಿದ್ರೆ ಮುನ್ನೂರಿದೆ, ಇದೇನಪ್ಪ, ಹದಿನೆಂಟು?”

“ನಿಮ್ಮ ಪೇಪರ್‌ನಲ್ಲಿ ಹಾಗೇ ಇದೆ, ಮೇಡಂ.”

“ಪೇಪರ್‌ನಲ್ಲಿ ಇರೋದನ್ನೇ ಬರೆಯೋಕೆ ನೀನ್ಯಾಕೆ ಬೇಕು? ಇದು ಗೌರವ ಅಲ್ಲ ಕಣೋ. ನಾಳೆ ಆ ಡಾಕ್ಟ್ರು ರೋಗಿಗೆ ಕೊಟ್ರೆ, ಎಲ್ಲೋ ಅಡಗಿರೋ ಕ್ಯಾನ್ಸರನ್ನ ನಾವೇ ಕೈಹಿಡಿದು ಹೃದಯಕ್ಕೆ ಕರ್ಕೊಂಡು ಹೋದ ಹಾಗಾಗುತ್ತೆ!”

ಗಾಜಿನ ನಳಿಕೆಯಲ್ಲಿ ಕಲಸಿದ್ದನ್ನೂ ಹೇಳಿದೆ. ಮೇಡಂ ಗಾಜು, ಪ್ಲಾಸ್ಟಿಕ್ ಎರಡರಲ್ಲೂ ಕೊಬ್ಬು ಕಲಸಿ ಪ್ರಯೋಗ ಮಾಡಿದರು. ಎಣ್ಣೆ ಡಬ್ಬಿಗೆ ಅಂಟಿಕೊಂಡಂತೆ ಕೊಬ್ಬೆಲ್ಲ ಪ್ಲಾಸ್ಟಿಕ್ಕಿನ ಗೋಡೆಗೇ ಅಂಟಿ, ಪೊರೆಯ ಕೆಳಗೆ ಹಾಕುವ ದ್ರವದಲ್ಲಿ ಉಳಿಯುತ್ತಲೇ ಇರಲಿಲ್ಲ. ಅವರ ಕಾಂಡಕೋಶದ ಪ್ರಯೋಗಗಳು ಗಾಜಿನ ಕಾಲದವು. ಕ್ಯಾನ್ಸರಿನವು ಪ್ಲಾಸ್ಟಿಕ್ ಬಂದ ಮೇಲಿನವು. “ಅಯ್ಯೋ, ನಾವು ಕರೆದೇ ಇರಲಿಲ್ವಲ್ಲೋ! ಕರೀದೆ ಯಾರು ಬರ್ತಾರೆ?” ಎಂದು ಹಣೆ ಚಚ್ಚಿಕೊಂಡರು.

ಅಂದೇ ಆಸ್ಪತ್ರೆಗೆ ಫೋನ್ ಮಾಡಿ ಔಷಧಿಯ ಸಿದ್ಧತೆ ನಿಲ್ಲಿಸಿದರು. ಆ ವಾರವೇ ಪ್ರಬಂಧವನ್ನು ಹಿಂತೆಗೆದುಕೊಂಡರು. ಮುಖ್ಯಸ್ಥರ ಕುರ್ಚಿ ಬೇರೆಯವರ ಪಾಲಾಯಿತು. ಆಡಿಕೊಂಡು ನಕ್ಕವರಿಗೂ ಕೊರತೆಯಿರಲಿಲ್ಲ.

‘ತಪ್ಪು ನನ್ನದು, ಕಂಡುಹಿಡಿದವನು ನನ್ನ ಶಿಷ್ಯ’ ಎಂದು ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೆ ಅವರು ಬರೆದ ಒಂದು ಸಾಲು ನನಗೆ ಕೆಲಸ ಕೊಡಿಸಿತು, ಪ್ರಾಮಾಣಿಕನೆಂಬ ಹೆಸರನ್ನೂ ಕೊಡಿಸಿತು. ಆ ಹೆಸರನ್ನೇ ಹೊದ್ದು ಇಪ್ಪತ್ತಾರು ವರ್ಷ ಓಡಾಡಿದ್ದೇನೆ. ಆ ಹದಿನೆಂಟರ ವಿಷಯವನ್ನು ಮೇಡಂ ಒಮ್ಮೆಯೂ ಯಾರಿಗೂ ಹೇಳಲಿಲ್ಲ.

ಮೇಡಂ, ಆರೋಗ್ಯವಾಗಿ ಬಹುಕಾಲ ಬಾಳಿ, ನಿವೃತ್ತಿಯೆಂದು ಮನೆಯಲ್ಲಿ ಕೂರದೆ ಪ್ರಯೋಗಾಲಯಕ್ಕೆ ಬರುತ್ತಿರಿ. ಇದನ್ನು ಓದಿ ಬೈಯಬೇಕೆನಿಸಿದರೆ ಬೈಯಿರಿ. ಹದಿನೆಂಟು ಎಂದು ಬರೆದವನು ನಾನೇ ಎಂದು ನಿನ್ನೆ ನನ್ನ ವಿದ್ಯಾರ್ಥಿಗಳಿಗೂ ಹೇಳಿದ್ದೇನೆ.